ದಾನವಾಗಿ ಹೋದ ಛತ್ರಿ

ಏನನ್ನೂ ಎಸೆಯಲು ಕೈ ಬಾರದವರು ಕೆಲವರಿರುತ್ತಾರೆ. ನಾನು ಆ ಗುಂಪಿನವಳು. ಅಂಗಡಿಯ ಪೊಟ್ಟಣಕ್ಕೆ ಸುತ್ತಿ ಬಂದ ದಾರವನ್ನು ಬಿಚ್ಚಿ ಉಂಡೆ ಮಾಡಿ ಇಡುತ್ತೇನೆ. ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಬಣ್ಣ ಹೋದ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದರೊಳಗೆ ಬೀಗ ಕಳೆದುಹೋದ ಬೀಗದಕೈ, ಪೆನ್ನು ಹೋಗಿ ಉಳಿದ ಮುಚ್ಚಳ, ಮದುವೆಯ ಗಡಿಬಿಡಿಯಲ್ಲಿ ಒಡೆದ ಹಸಿರು ಬಳೆಯ ಚೂರು, ಮಗನ ಮೊದಲು ಬಿದ್ದ ಹಲ್ಲು, ಚಾಮರಾಜಪೇಟೆಯ ವಠಾರ ಬಿಟ್ಟು ಬರುವಾಗ ಅಮ್ಮ ಹಟ ಹಿಡಿದು ಬಿಚ್ಚಿಸಿಕೊಂಡು ಬಂದ ಹಿತ್ತಾಳೆಯ ನಲ್ಲಿ. ಆ ನಲ್ಲಿಯನ್ನು ಹೊಸ ಮನೆಯ ಯಾವ ಕೊಳವೆಗೂ ಹಾಕಲು ಆಗಲಿಲ್ಲ. ಆದರೂ ಇದೆ. ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದ್ದೇ ಇರುತ್ತದೆ, ಇಲ್ಲವೆನ್ನಬೇಡಿ.

ನನ್ನ ಯಜಮಾನರು ಇದ್ದಾಗ ಅದನ್ನು ಮ್ಯೂಸಿಯಂ ಎಂದು ಕರೆಯುತ್ತಿದ್ದರು. ಟಿಕೆಟ್ಟು ಇಟ್ಟರೆ ಮನೆ ಖರ್ಚು ನಡೆಯುತ್ತದೆ ಎನ್ನುತ್ತಿದ್ದರು. ಅವರ ಹಾಸ್ಯದಲ್ಲಿ ಸತ್ಯವೂ ಇತ್ತು. ಒಂದು ಸೇಫ್ಟಿ ಪಿನ್ನು ಬೇಕೆಂದು ಡಬ್ಬಿ ತೆಗೆದವಳು ಒಂದೊಂದನ್ನೇ ಎತ್ತಿ ನೋಡುತ್ತಾ ಕೂತು, ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದ ಮೇಲೆ ಎದ್ದದ್ದು ಎಷ್ಟು ಸಲವೋ. ಪಿನ್ನು ಮಾತ್ರ ಸಿಕ್ಕಿರುತ್ತಿರಲಿಲ್ಲ.

ಮೊನ್ನೆ ಹಾಗೆಯೇ ಡಬ್ಬಿ ಹರಡಿಕೊಂಡು ಕೂತಿದ್ದಾಗ ಮಹಡಿಯ ಮನೆಯಲ್ಲಿ ಬಾಡಿಗೆಗಿರುವಾಕೆ ಮೊಸರಿಗೆ ಹೆಪ್ಪು ಕೇಳಲು ಬಂದರು. ಕುತೂಹಲದಿಂದ ಪಕ್ಕದಲ್ಲಿ ಕೂತು, ಇದು ಯಾರದು, ಅದು ಯಾರದು ಎಂದು ಕೇಳುತ್ತಾ ಹೋದರು. ಕೊನೆಗೆ, ಆಂಟಿ, ಇದರಲ್ಲಿ ನಿಮ್ಮ ತಂದೆಯವರದು ಯಾವುದು ಎಂದರು. ನಾನು ಡಬ್ಬಿಯ ತಳದವರೆಗೆ ಕೈಯಾಡಿಸಿದೆ. ಯಾವುದೂ ಇಲ್ಲ ಎಂದು ನನಗೆ ಗೊತ್ತಿದ್ದೇ ಇತ್ತು. ಆದರೂ ಹುಡುಕಿದೆ.

ಪೊಟ್ಟಣದ ದಾರವನ್ನೂ ಬಿಡದ ನನ್ನ ಬಳಿ ಅಪ್ಪನದೆನ್ನುವ ಒಂದು ವಸ್ತುವೂ ಇಲ್ಲ. ಗೋಡೆಯ ಮೇಲೆ ಫೋಟೋ ಇದೆ, ನಿಜ. ಆದರೆ ಫೋಟೋ ಎನ್ನುವುದು ಅಪ್ಪನನ್ನು ತೋರಿಸುತ್ತದೆಯೇ ಹೊರತು ಅಪ್ಪ ಕೈಯಲ್ಲಿ ಹಿಡಿದು ಸವೆಸಿದ್ದಲ್ಲ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಗೆರೆ ಎಳೆಯುವ ಪೆನ್ನು, ಕೈವಾರ, ಅಳತೆಪಟ್ಟಿ ಎಲ್ಲವೂ ಕಚೇರಿಯವು. ಅವರು ತೀರಿಕೊಂಡ ವಾರದಲ್ಲೇ ಒಬ್ಬ ಜವಾನ ಬಂದು ವಿನಯದಿಂದ ಪೆಟ್ಟಿಗೆ ತೆಗೆದುಕೊಂಡು ಹೋದ. ಇದ್ದ ಒಂದು ಉಣ್ಣೆಯ ಕೋಟು ಚಿಕ್ಕಪ್ಪನಿಗೆ ಹೋಯಿತು. ಕನ್ನಡಕ ಅವರ ಜೊತೆಗೇ ಹೋಯಿತು. ಯಾರೋ ತೆಗೆಯಲು ಕೈ ಹಾಕಿದಾಗ ಅಮ್ಮ ತಡೆದಳು. ಅದಿಲ್ಲದೆ ಅವರಿಗೆ ಏನೂ ಕಾಣೋದಿಲ್ಲ ಎಂದಳು.

ಉಳಿದಿದ್ದದ್ದು ಒಂದು ಛತ್ರಿ.

ಛತ್ರಿಯ ವಿಷಯ ಹೇಳಬೇಕಾದರೆ ಆಗಿನ ಜಯನಗರದ ವಿಷಯ ಹೇಳಬೇಕು. ಈಗ ನೀವು ಇಲ್ಲಿ ನಡೆದರೆ ರಸ್ತೆಯ ಎರಡೂ ಕಡೆಯ ಮರಗಳು ತಲೆಯ ಮೇಲೆ ಕೈ ಕೈ ಹಿಡಿದುಕೊಂಡಿರುತ್ತವೆ, ಮಧ್ಯಾಹ್ನವೂ ತಂಪು. ನಾವು ಬಂದಾಗ ಇಲ್ಲಿ ಒಂದೇ ಒಂದು ಮರವಿರಲಿಲ್ಲ. ರಾಗಿ ಹೊಲ ಸಮ ಮಾಡಿ, ಬಂಡೆ ಒಡೆದು, ಕಲ್ಲು ನೆಟ್ಟು ಸೈಟು ಮಾಡಿದ್ದರು. ಬಿದಿರಿನ ಬುಟ್ಟಿಯೊಳಗೆ ಮೊಳದುದ್ದದ ಸಸಿಗಳಿದ್ದವು. ಅವನ್ನು ಸಿದ್ದಾಪುರದ ಕಡೆಯಿಂದ ಬರುವ ಮೇಕೆಗಳು ಬುಟ್ಟಿಯ ಸಂದಿಯಿಂದಲೇ ತಿಂದು ಮುಗಿಸುತ್ತಿದ್ದವು. ಬಸ್ಸು ಎಲ್ಲೋ ದೂರದಲ್ಲಿ ಇಳಿಸಿಬಿಡುತ್ತಿತ್ತು. ಅಲ್ಲಿಂದ ಮನೆಗೆ ಬಿಸಿಲಲ್ಲಿ ನಡೆದು ಬರಬೇಕು. ಚಾಮರಾಜಪೇಟೆಯ ನೆಂಟರು ನಮ್ಮನ್ನು ನೋಡಲು ಬಂದವರು, ಏನಮ್ಮ, ಕಾಡಿಗೆ ಬಂದುಬಿಟ್ಟಿದ್ದೀರಲ್ಲ ಎಂದು ಮರುಗಿ, ಕತ್ತಲಾಗುವ ಮೊದಲೇ ಹೊರಟುಬಿಡುತ್ತಿದ್ದರು. ಕಾಡಾಗಿದ್ದರೆ ನೆರಳಾದರೂ ಇರುತ್ತಿತ್ತು.

ಆದ್ದರಿಂದ ನಮ್ಮ ಮನೆಯಲ್ಲಿ ಛತ್ರಿ ಮಳೆಗಿಂತ ಹೆಚ್ಚು ಬಿಸಿಲಿಗೆ. ಅಪ್ಪನದು ದೊಡ್ಡ ಕಪ್ಪು ಛತ್ರಿ, ಬಾಗಿದ ಬೆತ್ತದ ಹಿಡಿ. ಹಿಡಿಯ ಒಳಮೈ ಅವರ ಬೆರಳು ಕೂರುವ ಜಾಗದಲ್ಲಿ ನುಣ್ಣಗಾಗಿ ಜೇನಿನ ಬಣ್ಣ ಬಂದಿತ್ತು. ಸೈಟು ಕೊಂಡ ಹೊಸದರಲ್ಲಿ ಒಂದು ಭಾನುವಾರ ನಮ್ಮನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದರು. ನಾನು ಆಗ ಇನ್ನೂ ಲಂಗದ ಹುಡುಗಿ. ಅಪ್ಪ ಛತ್ರಿ ಮಡಿಸಿ ಅದರ ತುದಿಯಿಂದ ನೆಲದ ಮೇಲೆ ಮನೆಯ ನಕ್ಷೆ ಬರೆದರು. ಇದು ನಡುಮನೆ, ಇದು ದೇವರಮನೆ, ಇಲ್ಲಿ ಬಾಗಿಲು. ಅಮ್ಮ ಗೆರೆ ದಾಟಿ ಒಳಗೆ ಕಾಲಿಟ್ಟಾಗ, ಗೋಡೆ ಮೇಲಿಂದ ಬರ್ತೀಯಲ್ಲೇ, ಬಾಗಿಲಿಂದ ಬಾ ಎಂದು ಅಪ್ಪ ಗದರಿದರು. ಅಮ್ಮ ನಿಜವಾಗಿಯೂ ಹಿಂದಕ್ಕೆ ಹೋಗಿ ಬಾಗಿಲಿನಿಂದಲೇ ಬಂದಳು. ಅಡಿಗೆಮನೆಯೆಂದು ಗುರುತು ಮಾಡಿದ ಜಾಗದಲ್ಲಿ ಕೂತು ಚಿತ್ರಾನ್ನ ತಿಂದೆವು. ಬಿಸಿಲಿಗೆ ಅಪ್ಪ ಛತ್ರಿ ಬಿಚ್ಚಿ ನಮ್ಮಿಬ್ಬರ ಮೇಲೆ ಹಿಡಿದುಕೊಂಡು ನಿಂತೇ ಇದ್ದರು. ಅವರ ತಲೆ ಮಾತ್ರ ಹೊರಗಿತ್ತು.

ಒಂದು ಸಲ ಬಟ್ಟೆ ಹರಿದಾಗ ಹೊಸದು ತೆಗೆದುಕೊಳ್ಳಿ ಎಂದು ಅಮ್ಮ ಹೇಳಿದಳು. ಅಪ್ಪ ಒಪ್ಪಲಿಲ್ಲ. ಅಮ್ಮ ಹಳೆಯ ಕೋಟಿನ ಒಳಬಟ್ಟೆಯನ್ನು ಕತ್ತರಿಸಿ ತೇಪೆ ಹಾಕಿದಳು. ಬಿಸಿಲು ತಿಂದು ತಿಂದು ಛತ್ರಿ ಕಂದಿದರೂ ಆ ತೇಪೆ ಮಾತ್ರ ಕಂದಲಿಲ್ಲ. ಹಾಗಾಗಿ ಎಷ್ಟು ದೂರದಿಂದ ನೋಡಿದರೂ ಅದು ನಮ್ಮ ಛತ್ರಿ ಎಂದು ಗೊತ್ತಾಗುತ್ತಿತ್ತು. ಸಂಜೆ ರಸ್ತೆಯ ತುದಿಯಲ್ಲಿ ಆ ತೇಪೆ ಕಂಡಾಗ ಅಮ್ಮ ಕಾಫಿಗೆ ಹಾಲು ಇಡುತ್ತಿದ್ದಳು.

ಅಪ್ಪ ಹೋದದ್ದು ಸಂಕ್ರಾಂತಿ ಕಳೆದ ಸ್ವಲ್ಪ ದಿನಕ್ಕೆ. ಮಲಗಿದವರು ಏಳಲಿಲ್ಲ, ಅಷ್ಟೇ. ನಾನು ಕಾಲೇಜಿನಲ್ಲಿ ಓದುತ್ತಿದ್ದೆ. ನನಗೆ ಅಣ್ಣ ತಮ್ಮಂದಿರಿಲ್ಲದ್ದರಿಂದ ಅಪ್ಪನ ತಮ್ಮ, ನಮ್ಮ ಶ್ರೀಕಂಠ ಚಿಕ್ಕಪ್ಪ, ಮೈಸೂರಿನಿಂದ ಬಂದು ಕರ್ಮ ಮಾಡಿದರು. ಮಾಡಿಸಿದವರು ನರಹರಿ ಜೋಯಿಸರು. ನಮ್ಮ ಬಡಾವಣೆಯ ಅಂಚಿನಲ್ಲಿ, ಭೈರಸಂದ್ರದ ಕಡೆಗೆ, ಹೆಂಚಿನ ಮನೆಯೊಂದರಲ್ಲಿದ್ದ ಒಂಟಿ ಮುದುಕರು. ಮದುವೆ ಮುಂಜಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಅವರದು ಬರೀ ಅಪರಕರ್ಮ ಮತ್ತು ಶ್ರಾದ್ಧ.

ಹನ್ನೆರಡನೆಯ ದಿನದ ದಾನಗಳ ವಿಷಯ ನಿಮಗೆ ಗೊತ್ತಿರಬಹುದು. ಹೋದವರು ನಡೆಯುವ ದಾರಿ ಒಂದು ವರ್ಷದ್ದಂತೆ. ಆ ದಾರಿಯಲ್ಲಿ ಮರವಿಲ್ಲ, ನೀರಿಲ್ಲ, ನೆಲ ಕಾದಿರುತ್ತದಂತೆ. ಅದಕ್ಕಾಗಿ ಇಲ್ಲಿ ಒಬ್ಬರಿಗೆ ಚಪ್ಪಲಿ, ನೀರಿನ ತಂಬಿಗೆ, ದೀಪ, ಛತ್ರಿ ದಾನ ಕೊಡುತ್ತಾರೆ. ಇಲ್ಲಿ ಇವರು ಬಳಸಿದ್ದು ಅಲ್ಲಿ ಅವರಿಗೆ ಒದಗುತ್ತದೆ ಎಂದು ನಂಬಿಕೆ. ಚಿಕ್ಕಪ್ಪ ಚಿಕ್ಕಪೇಟೆಗೆ ಹೋಗಿ ಎಲ್ಲವನ್ನೂ ಹೊಸದಾಗಿ ತಂದಿದ್ದರು. ಹೊಸ ಛತ್ರಿಯನ್ನು ಕಾಗದ ಸುತ್ತಿದ್ದ ಹಾಗೆಯೇ ಬೀರುವಿನ ಮೇಲೆ ಇಟ್ಟಿದ್ದರು.

ಆ ಬೆಳಿಗ್ಗೆ ನಡುಮನೆಯ ತುಂಬ ಹೊಗೆ. ಚಿಕ್ಕಪ್ಪ ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದರು. ಅಮ್ಮ ಒಳಕೋಣೆಯಲ್ಲಿ ಕೂತಿದ್ದಳು, ಜೊತೆಗೆ ನಾನು. ಬಾಗಿಲು ಮುಚ್ಚಿತ್ತು. ಮಂತ್ರವೂ ತಾಮ್ರದ ತಟ್ಟೆಗೆ ನೀರು ಬೀಳುವ ಸದ್ದೂ ಕೇಳುತ್ತಿತ್ತು. ಛತ್ರಿ ತನ್ನಿ ಎಂದು ಜೋಯಿಸರು ಹೇಳಿದ್ದೂ, ಚಿಕ್ಕಪ್ಪ ಎದ್ದು ಹೋದದ್ದೂ ಕೇಳಿಸಿತು. ಕಣ್ಣಿನ ತುಂಬ ಹೊಗೆಯಿದ್ದ ಚಿಕ್ಕಪ್ಪ ಅಭ್ಯಾಸಬಲದಿಂದ ಕೈ ಹಾಕಿದ್ದು ಬೀದಿಬಾಗಿಲ ಹಿಂದಿನ ಮೊಳೆಗೆ. ಛತ್ರಿ ಎಂದರೆ ನಮ್ಮ ಮನೆಯಲ್ಲಿ ಯಾರ ಕೈಯೂ ಅಲ್ಲಿಗೇ ಹೋಗುತ್ತಿತ್ತು. ಮಂತ್ರ ಮುಗಿಯಿತು, ನೀರು ಬಿಟ್ಟರು. ಅಪ್ಪನ ಛತ್ರಿ ಜೋಯಿಸರದಾಯಿತು.

ಊಟವೆಲ್ಲ ಆಗಿ, ಬಂದವರು ಹೊರಟು, ಮನೆ ಗುಡಿಸುವಾಗ ಅಮ್ಮ ಬೀರುವಿನ ಮೇಲೆ ಕಾಗದದ ಸುರುಳಿಯನ್ನು ನೋಡಿದಳು. ಆಮೇಲೆ ಬಾಗಿಲ ಹಿಂದಿನ ಖಾಲಿ ಮೊಳೆಯನ್ನು ನೋಡಿದಳು. ಗೋಡೆಗೆ ಒರಗಿ ಕೂತುಬಿಟ್ಟಳು. ಅಷ್ಟು ದಿನವೂ ನೆಂಟರ ಮುಂದೆ ಗಟ್ಟಿಯಾಗಿದ್ದ ಅಮ್ಮ ಆ ಮೊಳೆಯನ್ನು ನೋಡಿ ಅತ್ತಳು. ಚಿಕ್ಕಪ್ಪನಿಗೆ ನಾಚಿಕೆಯಿಂದ ಮುಖ ಎತ್ತಲು ಆಗಲಿಲ್ಲ. ಈಗಲೇ ಹೋಗಿ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇನೆ, ಜೋಯಿಸರು ಬೇಡವೆನ್ನುವವರಲ್ಲ, ಅವರಿಗೂ ಲಾಭವೇ ಎಂದು ಚಪ್ಪಲಿ ಮೆಟ್ಟಿಕೊಂಡರು.

"ಬೇಡ ಶ್ರೀಕಂಠ," ಎಂದಳು ಅಮ್ಮ. "ಧಾರೆ ಎರೆದಾಯ್ತು. ಈಗ ಹೋಗಿ ಇಸ್ಕೊಂಡ್ರೆ ಅಲ್ಲಿ ಅವರ ಕೈಯಿಂದ ಕಿತ್ಕೊಂಡ ಹಾಗೆ. ಆ ಬಿಸಿಲಲ್ಲಿ ಅವರು ಬರೀ ತಲೇಲಿ ನಡೀಬೇಕಾ?"

ನಾನು ಆಗ ವಿಜ್ಞಾನ ಓದುತ್ತಿದ್ದವಳು. ಇಂಥ ಮಾತುಗಳನ್ನು ನಂಬಬಾರದೆಂದು ನನಗೆ ನಾನೇ ನಿಯಮ ಮಾಡಿಕೊಂಡಿದ್ದೆ, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಆದರೂ ಆ ಹೊತ್ತು ಮರವಿಲ್ಲದ ದಾರಿಯಲ್ಲಿ ಕನ್ನಡಕ ಹಾಕಿಕೊಂಡು ಒಬ್ಬರೇ ನಡೆಯುತ್ತಿರುವ ಅಪ್ಪನನ್ನು ಕಣ್ಣಾರೆ ಕಂಡಂತಾಯಿತು. ನಾನೂ ಬೇಡವೆಂದೆ.

ಹೊಸ ಛತ್ರಿ ಮನೆಯಲ್ಲಿ ಉಳಿಯಿತು. ಸಾವಿಗೆಂದು ತಂದದ್ದನ್ನು ಮನೆಯಲ್ಲಿಟ್ಟುಕೊಳ್ಳಬಾರದೆಂದು ಪಕ್ಕದ ಮನೆಯ ರಂಗಮ್ಮನವರು ಹೇಳಿದರು. ಪ್ರಾಯಶ್ಚಿತ್ತವೆಂಬಂತೆ ಚಿಕ್ಕಪ್ಪನೇ ಅದನ್ನು ತೆಗೆದುಕೊಂಡು ಮೈಸೂರಿಗೆ ಹೊರಟರು. ರಾಮನಗರ ದಾಟುವ ಹೊತ್ತಿಗೆ ಅದನ್ನು ಎಲ್ಲೋ ಮರೆತಿದ್ದರು. ಛತ್ರಿಗಳ ಮಟ್ಟಿಗೆ ನಮ್ಮ ಚಿಕ್ಕಪ್ಪನ ಕೈಗುಣ ಹಾಗೆ.

ಆ ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಇದ್ದಾಗ ಅಮ್ಮನ ಒಂದು ಹೊಸ ಅಭ್ಯಾಸ ನನ್ನ ಕಣ್ಣಿಗೆ ಬಿತ್ತು. ಬೆಳಗಿನ ಅಡಿಗೆ ಮುಗಿಸಿ ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ವರಾಂಡದಲ್ಲಿ ಕೂರುತ್ತಿದ್ದಳು. ಕಲ್ಲು ಆರಿಸಲು. ಇದ್ದವರು ನಾವಿಬ್ಬರೇ, ನಮಗೆ ಬೇಕಾದ ಅಕ್ಕಿ ಎಷ್ಟು? ಒಂದು ದಿನ ಮೊರಕ್ಕೆ ಕೈಹಾಕಿ ನೋಡಿದೆ. ಒಂದು ಕಲ್ಲೂ ಇಲ್ಲ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು.

ನರಹರಿ ಜೋಯಿಸರು ದಿನವೂ ಆ ಹೊತ್ತಿಗೆ ನಮ್ಮ ರಸ್ತೆಯಲ್ಲೇ ಬಸವನಗುಡಿಯ ಕಡೆಗೆ ಹೋಗುತ್ತಿದ್ದರು. ಅವರು ಎದುರಾದರೆ ಹೊರಟ ಕೆಲಸ ಆಗುವುದಿಲ್ಲವೆಂದು ಬೀದಿಗೆಲ್ಲ ಗಾಢ ನಂಬಿಕೆ. ಸ್ಕೂಟರು ಹೊರಗೆ ತೆಗೆದವರು ಮತ್ತೆ ಒಳಗೆ ನೂಕಿಕೊಂಡು, ನೀರು ಕುಡಿದು, ಸ್ವಲ್ಪ ಕೂತು ಆಮೇಲೆ ಹೊರಡುತ್ತಿದ್ದರು. ರಂಗಮ್ಮನವರು ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗುತ್ತಿದ್ದರು. ಜೋಯಿಸರಿಗೆ ಇದೆಲ್ಲ ಗೊತ್ತಿಲ್ಲದ್ದಲ್ಲ. ಅವರು ರಸ್ತೆಯ ತಿರುವಿನಲ್ಲಿಯೇ ನಿಂತು ಜೋರಾಗಿ ಕೆಮ್ಮುತ್ತಿದ್ದರು. ಒಳಗೆ ಹೋಗುವವರು ಹೋಗಲಿ ಎಂದು ಒಂದಿಷ್ಟು ಹೊತ್ತು ಕೊಟ್ಟು, ಆಮೇಲೆ ಚರಂಡಿಯ ಅಂಚು ಹಿಡಿದು ತಲೆ ತಗ್ಗಿಸಿ ನಡೆದುಬರುತ್ತಿದ್ದರು. ಆ ಕೆಮ್ಮು ಕೇಳಿದರೆ ಬೀದಿಯ ಬಾಗಿಲುಗಳು ಮುಚ್ಚುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಅಮ್ಮ ಮೊರ ತೆಗೆದುಕೊಂಡು ಹೊರಗೆ ಬರುತ್ತಿದ್ದಳು.

ಅವಳು ಜೋಯಿಸರ ಮುಖವನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಛತ್ರಿಯ ಮೇಲೆ. ತೇಪೆ ಹತ್ತಿರ ಬಂದು, ನಮ್ಮ ಗೇಟಿನ ಮುಂದೆ ಹಾದು, ಆ ತುದಿಯಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದಳು. ಆಮೇಲೆ ಒಳಗೆ ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು. ಇವತ್ತು ಸರಿಯಾಗಿ ಹಿಡಿದಿದ್ದರು. ಇವತ್ತು ಕೋಲಿನಂತೆ ಊರಿಕೊಂಡು ಹೋದರು, ತುದಿ ಸವೆದುಹೋಗುತ್ತದೆ. ಇವತ್ತು ಮೋಡವಿತ್ತು, ಆದರೂ ಬಿಚ್ಚಿದ್ದರು, ಒಳ್ಳೆಯದಾಯಿತು. ಕೇಳುತ್ತಾ ಕೇಳುತ್ತಾ ನನಗೆ ಅಮ್ಮ ಛತ್ರಿಯ ವಿಷಯ ಹೇಳುತ್ತಿದ್ದಾಳೋ, ದೂರದ ಊರಿನಿಂದ ಅಪ್ಪನ ಸಮಾಚಾರ ಬಂದದ್ದನ್ನು ಹೇಳುತ್ತಿದ್ದಾಳೋ ಎನಿಸುತ್ತಿತ್ತು. ನಾನೂ ದಿನವೂ ಕೇಳಲು ಕಾಯುತ್ತಿದ್ದೆ.

ಹಾಗೆಂದು ಅವಳಿಗೆ ಆಸೆಯಿರಲಿಲ್ಲವೆಂದು ತಿಳಿಯಬೇಡಿ. ತುಂಬ ಇತ್ತು. ಒಂದು ಮಧ್ಯಾಹ್ನ ನನ್ನ ಜಡೆ ಹೆಣೆಯುತ್ತಾ, ಕೈ ನಿಲ್ಲಿಸಿ, ಆ ಹಿಡಿ ಒಂದು ಸಲ ಮುಟ್ಟಿದ್ರೆ ಸಾಕು ನಂಗೆ ಎಂದಳು. ಅವರು ಬೆರಳಿಟ್ಟ ಜಾಗದಲ್ಲಿ ಬೆರಳಿಟ್ಟು ನೋಡಬೇಕೆಂದು ಅವಳ ಬಯಕೆ. ಒಂದು ಸಲ ಮುಟ್ಟಿದರೆ ಬಿಡುವುದಕ್ಕಾಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಜೋಯಿಸರಿಗೆ ಹೇಳಿದರೆ ಅವರು ಒಂದು ಕ್ಷಣವೂ ಇಟ್ಟುಕೊಳ್ಳದೆ ತಂದು ಕೊಟ್ಟುಬಿಡುತ್ತಾರೆಂದೂ ಗೊತ್ತಿತ್ತು. ಅದಕ್ಕೇ ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಗಾಳಿಮಳೆ ಬಂತು. ಮಾರನೆಯ ದಿನ ಜೋಯಿಸರು ಬಂದಾಗ ಛತ್ರಿಯ ಒಂದು ಮಗ್ಗುಲಲ್ಲಿ ಉದ್ದಕ್ಕೆ ಬಿಳಿಯ ಹೊಲಿಗೆ ಕಂಡಿತು. ಗಂಡಸು ಹಾಕಿದ ಹೊಲಿಗೆ, ಅಂಕುಡೊಂಕು. ಕಪ್ಪು ದಾರ ಸಿಗದೆ ಜನಿವಾರದ ನೂಲಿನಲ್ಲೇ ಹೊಲಿದುಬಿಟ್ಟಿದ್ದರು. ಅಮ್ಮನಿಗೆ ಮೊದಲು ಸಂಕಟವಾಯಿತು. ಆಮೇಲೆ, ಅಲ್ಲ ಕಣೇ, ನಿಮ್ಮಪ್ಪನ ಛತ್ರಿಗೂ ಉಪನಯನವಾಯಿತು ನೋಡು ಎಂದು ನಕ್ಕುಬಿಟ್ಟಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಿದ್ದವಳು ನಡುವೆ ನಿಲ್ಲಿಸಿ, ನಗಬಾರದಿತ್ತೇನೋ ಎಂಬಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಶ್ರಾವಣದಲ್ಲಿ ಜೋಯಿಸರು ಬರುವುದು ನಿಂತಿತು. ಮೊದಲು ಮೈ ಸರಿಯಿಲ್ಲವೇನೋ ಎಂದುಕೊಂಡೆವು. ಆಮೇಲೆ ಊರಿಗೆ ಹೋಗಿರಬಹುದು ಎಂದುಕೊಂಡೆವು. ಅಮ್ಮ ಮೊರ ಹಿಡಿದು ಕೂರುವುದನ್ನು ಬಿಡಲಿಲ್ಲ. ನಾನು ಕಾಲೇಜಿಗೆ ಹೊರಡುವಾಗ ಅಲ್ಲಿರುತ್ತಿದ್ದಳು, ಮನೆಗೆ ಬಂದಾಗ ಊಟ ಮಾಡಿರುತ್ತಿರಲಿಲ್ಲ. ಮಾತು ಕಡಿಮೆಯಾಯಿತು. ವರದಿಗಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ಅಪ್ಪ ಎರಡನೆಯ ಸಲ ಹೋದಂತಾಯಿತೆಂದರೆ ಅತಿ ಮಾಡಿ ಹೇಳುತ್ತಿಲ್ಲ.

ಒಂದು ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದಾಗ ನಮ್ಮ ರಸ್ತೆಗೆ ಎರಡು ರಸ್ತೆ ಆಚೆ, ಇನ್ನೂ ಮನೆಗಳೇ ಏಳದ ಖಾಲಿ ಸೈಟುಗಳ ನಡುವೆ, ಜಾಲಿಯ ಮುಳ್ಳು ತಪ್ಪಿಸಿಕೊಳ್ಳುತ್ತಾ ಒಬ್ಬರು ಹೋಗುವುದು ಕಂಡಿತು. ಬಿಳಿಯ ಹೊಲಿಗೆಯ ಛತ್ರಿ. ನಾನು ಓಡಿಹೋಗಿ ಎದುರು ನಿಂತೆ. ಎದುರಿಗೆ ಬರಬಾರದೆಂಬಂತೆ ಅವರೇ ಪಕ್ಕಕ್ಕೆ ಸರಿದರು. ನಮ್ಮ ರಸ್ತೆ ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ನಿಮ್ಮ ತಾಯಿಯೋರು ದಿನಾ ಹೊರಗೇ ಕೂತಿರ್ತಾರಮ್ಮ," ಎಂದರು. "ನಾನು ಹೋಗೋವಾಗ ಕಣ್ಣಲ್ಲಿ ನೀರು ತಂದ್ಕೊಳ್ತಾರೆ. ನನ್ ಮುಖ ಕಂಡ್ರೆ ಆ ದಿನಗಳೆಲ್ಲ ನೆನಪಾಗುತ್ತೆ, ಪಾಪ. ಬೇರೆಯೋರು ಒಳಗೆ ಹೋಗ್ತಾರೆ, ನಿಮ್ಮ ತಾಯಿಯೋರಿಗೆ ಹಾಗೆ ಎದ್ದು ಹೋಗೋದೂ ಗೊತ್ತಾಗೊಲ್ಲ. ಸ್ವಲ್ಪ ಸುತ್ತಾದ್ರೆ ನನಗೇನು, ಈ ಕಡೆಯಿಂದ್ಲೇ ಹೋಗ್ತೀನಿ."

ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ಬೆತ್ತದ ಹಿಡಿ ಅವರ ಕೈಯಲ್ಲಿ ನನ್ನ ಕಣ್ಣಿಗೆ ನೇರವಾಗಿತ್ತು. ಹೇಳಿದರೆ ಅಲ್ಲಿಯೇ ಮಡಿಸಿ ನನ್ನ ಕೈಗೆ ಇಡುತ್ತಾರೆ. ನಾನು ಅದನ್ನು ಮನೆಗೆ ಒಯ್ದರೆ ಅಮ್ಮ ಏನು ಮಾಡುತ್ತಾಳೆ? ಸುಮ್ಮನೆ ತಲೆಯಾಡಿಸಿ ಬಸ್ಸಿಗೆ ಹೋದೆ. ಅವತ್ತು ಕಾಲೇಜಿನಲ್ಲಿ ಯಾವ ಪಾಠವಾಯಿತೆಂದು ನನಗೆ ನೆನಪಿಲ್ಲ.

ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ತನಗಾಗಿ ಮುಳ್ಳಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಾರೆನ್ನುವುದು ಅವಳನ್ನು ಚುಚ್ಚಿತು. ತಾನು ಇಷ್ಟು ದಿನವೂ ಆ ಮನುಷ್ಯರ ಮುಖವನ್ನೇ ನೋಡಲಿಲ್ಲವಲ್ಲ ಎಂದಳು. ಮತ್ತೆ ಛತ್ರಿ ಕಾಣದೆ ಹೋದೀತೆಂಬ ಭಯವೂ ಇತ್ತು, ಅದನ್ನು ಮುಚ್ಚಿಡಲು ಅವಳಿಗೆ ಆಗಲಿಲ್ಲ. ಕೊನೆಗೆ, ನೀನು ಅವರ ಮನೆಗೆ ಹೋಗಿ, ನಮ್ಮ ರಸ್ತೆಯಲ್ಲೇ ಹೋಗಬೇಕಂತೆ ಎಂದು ಹೇಳಿ ಬಾ ಎಂದಳು. ಯಾಕೆ ಎಂದು ಕೇಳಿದರೆ ಎಂದೆ. ಅಮ್ಮ ಹೇಳಿದರು ಅನ್ನು, ಅಷ್ಟು ಸಾಕು ಎಂದಳು.

ಹೋದೆ. ಹೆಂಚಿನ ಮನೆಯ ಮುಂದೆ ಜೋಯಿಸರು ಪಂಚೆ ಒಗೆದು ಹರವುತ್ತಿದ್ದರು. ಛತ್ರಿಯನ್ನು ಕಿಟಕಿಯ ಸರಳಿಗೆ ನೇತುಹಾಕಿದ್ದರು, ನೆಲಕ್ಕೆ ತಾಗದ ಹಾಗೆ. ಅಮ್ಮ ಹೇಳಿಕೊಟ್ಟ ಮಾತನ್ನು ಒಪ್ಪಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಕಿವಿಗೆ ಕೈಯಿಟ್ಟು ಮತ್ತೆ ಹೇಳಿಸಿದರು. ಆಮೇಲೆ ಕೈಯಲ್ಲಿದ್ದ ಪಂಚೆಯನ್ನು ಹಿಂಡುತ್ತಲೇ ನಿಂತರು. ಅದರಲ್ಲಿ ನೀರು ಯಾವಾಗಲೋ ಮುಗಿದಿತ್ತು.

"ಬನ್ನಿ ಅಂತ ಕರೆಯೋರು ಇದಾರಮ್ಮ, ಮನೇಲಿ ಹೆಣ ಇದ್ದಾಗ," ಎಂದರು. "ಸುಮ್ಮನೆ ನಮ್ಮ ಮನೆ ಮುಂದೆ ಹಾದು ಹೋಗಿ ಅಂತ ಇಷ್ಟು ವಯಸ್ಸಲ್ಲಿ ಯಾರೂ ಅಂದಿಲ್ಲ."

ಮಾರನೆಯ ದಿನ ಮಳೆ ಬಿಟ್ಟು ಬಿಸಿಲು ಬಂದಿತ್ತು. ಮಳೆಗಾಲದ ನಡುವೆ ಬರುವ ಬಿಸಿಲು ನಿಮಗೆ ಗೊತ್ತೇ ಇದೆ, ಬೇಸಿಗೆಯದಕ್ಕಿಂತ ಹೆಚ್ಚು ಚುರುಕು. ಅಂದು ಕಾಲೇಜಿಗೆ ಹೋಗದೆ ನಾನೂ ವರಾಂಡದಲ್ಲೇ ನಿಂತೆ. ಅಮ್ಮ ಮೊರ ತಂದಿರಲಿಲ್ಲ. ಸುಮ್ಮನೆ ಕಂಬ ಹಿಡಿದು ನಿಂತಿದ್ದಳು. ತಿರುವಿನಲ್ಲಿ ತೇಪೆ ಕಂಡಿತು, ಬಿಳಿಯ ಹೊಲಿಗೆಯೂ ಕಂಡಿತು. ರಂಗಮ್ಮನವರ ಬಾಗಿಲು ಮುಚ್ಚಿತು.

ಜೋಯಿಸರು ನಮ್ಮ ಗೇಟಿನ ಮುಂದೆ ಬಂದು ನಿಂತರು. ತಮ್ಮನ್ನು ಬರಹೇಳಿದ ಮನೆಯ ಯಜಮಾನಿ ಎದುರಿಗೆ ನಿಂತಿದ್ದಾರೆ, ಮರ್ಯಾದೆ ತೋರಿಸಬೇಕಲ್ಲ. ಅವರು ಛತ್ರಿ ಮಡಿಸಿದರು. ಮಡಿಸಿ, ಕಂಕುಳಲ್ಲಿಟ್ಟುಕೊಂಡು, ಬೋಳುತಲೆಯ ಮೇಲೆ ಬಿಸಿಲು ಸುರಿಯುತ್ತಿರಲು ಅಮ್ಮನಿಗೆ ಕೈ ಮುಗಿದರು.

ಅಮ್ಮನ ಮುಖ ಬಿಳಿಚಿಕೊಂಡಿತು. ವರ್ಷ ತುಂಬದೆ ಅವಳು ಮನೆಯ ಮೆಟ್ಟಿಲು ಇಳಿಯುವಂತಿರಲಿಲ್ಲ, ಅದು ಆಗಿನ ಕಟ್ಟು. ಅವಳು ಇಳಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೇಟಿನವರೆಗೂ ಹೋದಳು. ನಾನು ಹಿಂದೆಯೇ ಹೋದೆ.

"ಮಡಿಸಬೇಡಿ ಜೋಯಿಸರೇ," ಎಂದಳು. "ಅದು ನಮ್ಮ ಮನೆಯೋರದೇ ಛತ್ರಿ. ಅವತ್ತು ಗೊತ್ತಿಲ್ದೆ ಹೊಸದರ ಬದಲು ಅದನ್ನ ಕೊಟ್ಬಿಟ್ರು. ನೀವು ಬಿಚ್ಚಿ ಹಿಡ್ಕೊಂಡಷ್ಟು ಹೊತ್ತು ಅಲ್ಲಿ ಅವರಿಗೆ ನೆರಳು."

ಜೋಯಿಸರು ಕಂಕುಳಿನಿಂದ ಛತ್ರಿಯನ್ನು ತೆಗೆದು ನೋಡಿದರು. ತೇಪೆಯನ್ನು ನೋಡಿದರು, ತಾವು ಹಾಕಿದ ಹೊಲಿಗೆಯನ್ನು ನೋಡಿದರು. ಆಮೇಲೆ ಎರಡೂ ಕೈಗಳಲ್ಲಿ ಅದನ್ನು ಅಡ್ಡಲಾಗಿ ಹಿಡಿದು, ಗೇಟಿನ ಮೇಲಿನಿಂದ ಅಮ್ಮನ ಕಡೆಗೆ ಚಾಚಿದರು. ಬೆತ್ತದ ಹಿಡಿ ಅವಳ ಕೈಗೆ ಎಟುಕುವಷ್ಟು ಹತ್ತಿರ ಬಂತು. ಅಪ್ಪನ ಬೆರಳು ಕೂರುತ್ತಿದ್ದ ಜಾಗ ಬಿಸಿಲಿಗೆ ಹೊಳೆಯುತ್ತಿತ್ತು. ಅಮ್ಮನ ಬಲಗೈ ಸೆರಗಿನಿಂದ ಹೊರಗೆ ಬಂದದ್ದನ್ನು ನಾನು ನೋಡಿದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆ ಕೈಗೆ ಇನ್ನೊಂದು ಕೈ ಸೇರಿಸಿ ಅವರಿಗೆ ನಮಸ್ಕಾರ ಮಾಡಿದಳು.

ಜೋಯಿಸರು ಛತ್ರಿ ಬಿಚ್ಚಿದರು. ಚರಂಡಿಯ ಅಂಚು ಬಿಟ್ಟು ರಸ್ತೆಯ ನಡುವೆಯೇ, ಛತ್ರಿಯನ್ನು ನೆಟ್ಟಗೆ ಹಿಡಿದುಕೊಂಡು, ನಿಧಾನವಾಗಿ ನಡೆದುಹೋದರು. ಅವರು ಕಾಣದಾದ ಮೇಲೂ ಅಮ್ಮ ಗೇಟಿನ ಬಳಿಯೇ ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಬಿಸಿಲು ಎಂದು ನಾನು ಅವಳ ತೋಳು ಹಿಡಿದು ಒಳಗೆ ಕರೆದೆ. ಇರಲಿ ಬಿಡು, ಇವತ್ತು ಅವರಿಗೆ ಬಿಸಿಲಿಲ್ಲ ಎಂದಳು.